ಎಣಿಕೆಗೆ ಸಿಗದ ಇಕ್ಕಳ

ಜೂನ್ ೩, ಸೋಮವಾರ

ಹೊರಗೆ ಬಂದು ಇವತ್ತಿಗೆ ಹನ್ನೊಂದು ದಿನ. ಬರೆಯಲು ಕೂತದ್ದು ಇವತ್ತೇ. "ಮನೆಗೆ ಹೋದ ಮೇಲೂ ದಿನಕ್ಕೆ ನಾಲ್ಕು ಸಾಲು ಬರೀರಿ, ಇಲ್ಲದಿದ್ರೆ ಅಕ್ಷರಕ್ಕೂ ತುಕ್ಕು ಹಿಡಿಯುತ್ತೆ" ಎಂದು ಒಳಗಿನ ಟೀಚರಮ್ಮ ಹೇಳಿ ಕಳಿಸಿದ್ದರು. ಹಳ್ಳಿ ಶಾಲೆಯಲ್ಲಿ ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಆಮೇಲೆ ಮೂವತ್ತು ವರ್ಷ ಪೆನ್ನು ಹಿಡಿದದ್ದು ಸಹಿ ಹಾಕುವುದಕ್ಕೆ ಮಾತ್ರ. ಹತ್ತನೇ ಕ್ಲಾಸು ಪಾಸಾದದ್ದು, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ ಕಲಿತದ್ದು, ಎಲ್ಲ ಒಳಗೇ, ಏಳು ವರ್ಷದಲ್ಲಿ. ಇದನ್ನು ಯಾರೂ ಓದುವುದಿಲ್ಲ. ದೇವರು ಓದಬಹುದು. ಅವನಿಗೆ ಮೊದಲೇ ಗೊತ್ತಿರುವುದರಿಂದ ನಾಚಿಕೆಯಿಲ್ಲ.

ತಂಗಿಯ ಮನೆಯಲ್ಲಿದ್ದೇನೆ. ಎರಡು ಕೋಣೆ, ಒಂದು ಕಿಟಕಿ. ಅವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಮಿಷನ್ನುಗಳನ್ನು ನೋಡಿಕೊಳ್ಳುತ್ತಾಳೆ. ಅವಳ ಗಂಡ ತೀರಿಕೊಂಡು ನಾಲ್ಕು ವರ್ಷ, ನನ್ನವರು ಅದಕ್ಕೂ ಮುಂಚೆಯೇ ಹೋದವರು. ಈಗ ಇಬ್ಬರಿಗೆ ಇಬ್ಬರೇ.

ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನಕ್ಕೆ ಹೋಗಬಹುದೇ ಎಂದು ಕೇಳಿದೆ. ತಂಗಿ ಹೊದಿಕೆಯೊಳಗಿಂದಲೇ, "ಅಕ್ಕಾ, ಇದಕ್ಕೂ ಅರ್ಜಿ ಕೊಡ್ತೀಯಾ?" ಎಂದಳು.

ಪ್ರಾರ್ಥನೆ ಮಾಡಿದೆ. ಮೊದಲು ಆಕೆಗಾಗಿ, ಆಮೇಲೆ ತಂಗಿಗಾಗಿ, ಉಳಿದರೆ ನನಗಾಗಿ. ಆಕೆ ಎಂದರೆ ನಮ್ಮ ಹಳೆಯ ಬೀದಿಯವಳು. ನಲ್ಲಿಯ ಹತ್ತಿರ ಸರದಿಗಾಗಿ ಜಗಳವಾಯಿತು. ನಾನು ತಳ್ಳಿದೆ. ಕಟ್ಟೆಯ ಅಂಚಿಗೆ ತಲೆ ಬಡಿಯಿತು. ಮೂರನೇ ದಿನ ಹೋದಳು. 'ಕೈ ತಗುಲಿತು' ಅನ್ನಿ ಎಂದು ವಕೀಲರು ಹೇಳಿಕೊಟ್ಟಿದ್ದರು. ತಗುಲಲಿಲ್ಲ, ತಳ್ಳಿದೆ. ಒಂದು ಸಲ ನನ್ನ ಕೈಯಲ್ಲೇ ಬರೆದಿಡಬೇಕಿತ್ತು. ಬರೆದಾಯಿತು.

ಜೂನ್ ೬, ಗುರುವಾರ

ಕೆಲಸ ಕೇಳಲು ಹೊರಟೆ. ಮೋಟರ್ ರಿಪೇರಿ ಅಂಗಡಿಗಳೆಲ್ಲ ಒಂದೇ ರಸ್ತೆಯಲ್ಲಿವೆ. ಮೊದಲನೆಯವನು ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ, "ಹೊಲಿಗೆ ಮಿಷನ್ ಅಂಗಡಿ ಮುಂದಿನ ತಿರುವಿನಲ್ಲಿ, ಅಮ್ಮಾ" ಎಂದ. ಮೋಟರ್ ಸುತ್ತುತ್ತೇನೆ ಎಂದೆ. ಒಳಗಿದ್ದವರನ್ನೆಲ್ಲ ಕೂಗಿ ಕರೆದು ಇನ್ನೊಮ್ಮೆ ಹೇಳಿಸಿದ. ಹೇಳಿದೆ. ನಕ್ಕರು. ಕೆಟ್ಟ ನಗುವೇನಲ್ಲ.

ಎರಡನೆಯವನು ಗಂಭೀರ ಮನುಷ್ಯ. ನನ್ನ ಸರ್ಟಿಫಿಕೇಟು ಪೂರ್ತಿ ಓದಿದ. ಎಲ್ಲಿ ಕಲಿತಿರಿ ಎಂದು ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. "ಒಂದು ಫೋನ್ ಮಾಡಿ ಬರ್ತೀನಿ, ಇರಿ" ಎಂದು ಹಿಂದಿನ ಬಾಗಿಲಿಂದ ಹೋದ. ನಾನು ನಿಂತೇ ಇದ್ದೆ. ಒಂದೂವರೆ ಗಂಟೆಯ ಮೇಲೆ ಕಸ ಗುಡಿಸುವವಳು ಬಂದು, "ಅವರು ಊಟಕ್ಕೆ ಮನೆಗೆ ಹೋದ್ರಲ್ಲಾ, ನೀವ್ಯಾಕೆ ನಿಂತಿದ್ದೀರಿ?" ಎಂದಳು. ಇರಿ ಎಂದಿದ್ದರು, ಅದಕ್ಕೆ, ಎಂದೆ.

ಜೂನ್ ೭, ಶುಕ್ರವಾರ

ತಂಗಿ ತಲೆ ಚಚ್ಚಿಕೊಂಡಳು. "ಹೇಳೇಬಿಟ್ಯಾ! ಅಂಗೈ ಮೇಲಿನ ಹುಣ್ಣನ್ನ ಊರಿಗೆಲ್ಲ ತೋರಿಸಿಕೊಂಡು ಬರ್ತೀಯಲ್ಲಾ. ಜೈಲು ಅನ್ನೋ ಮಾತು ಈ ಮನೇಲಿ ಬೇಡ, ಆ ರಸ್ತೇಲೂ ಬೇಡ. ಮನೆ ಮಾಲೀಕರಿಗೆ ನೀನು ಏಳು ವರ್ಷ ನಮ್ಮತ್ತೆ ಸೇವೆ ಮಾಡ್ಕೊಂಡು ಊರಲ್ಲಿದ್ದೆ ಅಂದಿದ್ದೀನಿ."

"ನಿನ್ನ ಅತ್ತೆಗೆ ಎಷ್ಟು ವಯಸ್ಸಾಗಿರುತ್ತಿತ್ತು?"

"ಸುಮ್ನಿರು."

ಸರ್ಟಿಫಿಕೇಟಿನ ಮೇಲೆ ಜೈಲಿನ ಹೆಸರಿಲ್ಲ. ತರಬೇತಿ ಇಲಾಖೆ ಎಂದಷ್ಟೇ ಇದೆ. ಯಾರೋ ಪುಣ್ಯಾತ್ಮರು ಯೋಚನೆ ಮಾಡಿ ಹಾಗೆ ಅಚ್ಚು ಹಾಕಿಸಿದ್ದಾರೆ. 'ತರಬೇತಿ ಕೇಂದ್ರ' ಎಂದಷ್ಟೇ ಹೇಳಬೇಕು, ಸುಳ್ಳೇನಲ್ಲವಲ್ಲ ಎಂದು ತಂಗಿ ಮಾತು ತೆಗೆದುಕೊಂಡಳು. ಇನ್ನು ಸುಳ್ಳಾಡುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟಿದ್ದೇನೆ. ಅವಳ ಅನ್ನ ಉಣ್ಣುತ್ತಿದ್ದೇನೆ. ಒಪ್ಪಿದೆ.

ಜೂನ್ ೧೨, ಬುಧವಾರ

ಕೆಲಸ ಸಿಕ್ಕಿತು. ಒಂದು ತಿಂಗಳು ಕೈ ನೋಡುತ್ತಾರಂತೆ.

ಅಂಗಡಿ ಚಿಕ್ಕದು. ಬಾಗಿಲಿನಿಂದ ಒಳಗಿನ ಗೋಡೆಯವರೆಗೂ ಸುಟ್ಟ ಮೋಟರುಗಳ ಸಾಲು. ಯಜಮಾನರು ನಲವತ್ತರವರು, ದಪ್ಪ ಆಸಾಮಿ. ಕನ್ನಡಕ ಯಾವಾಗಲೂ ಹಣೆಯ ಮೇಲೆ.

"ಎಲ್ಲಿ ಕಲಿತಿದ್ದು, ಅಮ್ಮಾ?"

"ಸರ್ಕಾರದ ತರಬೇತಿ ಕೇಂದ್ರದಲ್ಲಿ."

"ಹಾಸ್ಟೆಲ್ ಇತ್ತಾ?"

"ಇತ್ತು."

"ಊಟ?"

"ಹೊತ್ತು ಹೊತ್ತಿಗೆ."

"ಎಷ್ಟು ವರ್ಷದ ಕೋರ್ಸು?"

"ಎರಡು. ನಾನು ಏಳು ವರ್ಷ ಇದ್ದೆ."

"ಏಳಾ? ಫೇಲಾಗ್ತಾ ಇದ್ರಾ?"

"ಮಧ್ಯದಲ್ಲಿ ಬಿಟ್ಟು ಬರೋ ಹಾಗಿರಲಿಲ್ಲ."

ನಕ್ಕುಬಿಟ್ಟರು. ಒಂದು ಮಾತೂ ಸುಳ್ಳಲ್ಲ, ಎಲ್ಲ ಸೇರಿದರೆ ಸುಳ್ಳು. ದೇವರು ಇದನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳುತ್ತಾನೋ.

ಇನ್ನೊಬ್ಬ ಕೆಲಸಗಾರರಿದ್ದಾರೆ. ಅರವತ್ತು ದಾಟಿದವರು, ನಲವತ್ತು ವರ್ಷದಿಂದ ಅದೇ ಬೆಂಚು. ತಂತಿಯ ದಪ್ಪ ಎಷ್ಟು ಗೇಜು ಎಂದು ಎರಡು ಬೆರಳಲ್ಲಿ ತಿಕ್ಕಿ ಹೇಳುವುದರಿಂದ ರಸ್ತೆಯವರೆಲ್ಲ ಗೇಜಣ್ಣ ಎನ್ನುತ್ತಾರೆ. ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿ, "ಜಡೆ ಹೆಣೆದ ಹಾಗಲ್ಲಮ್ಮಾ ಇದು" ಎಂದರು. ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡೆ. ಹೌದು ಅಣ್ಣ ಎಂದೆ.

ಜೂನ್ ೨೧, ಶುಕ್ರವಾರ

ಒಳಗೆ ನಮಗಿದ್ದದ್ದು ಎರಡೇ ಮೋಟರು, ಹದಿನಾಲ್ಕು ಜನ ಹೆಂಗಸರು. ಒಬ್ಬಳು ಸುತ್ತಿ, ಟೀಚರಮ್ಮ ನೋಡಿ ಸರಿ ಎಂದ ಮೇಲೆ ಬಿಚ್ಚಿ, ತಂತಿಯನ್ನು ಉಂಡೆಯಾಗಿ ಸುತ್ತಿಟ್ಟು ಮುಂದಿನವಳಿಗೆ ಕೊಡಬೇಕು. ಐದು ವರ್ಷದಲ್ಲಿ ನಾನು ಸುತ್ತಿದ ಒಂದು ಮೋಟರೂ ಆ ಗೇಟು ದಾಟಿದ್ದಿಲ್ಲ.

ಇವತ್ತು ಒಂದು ಪಂಪಿನ ಮೋಟರು ಮುಗಿಸಿದೆ. ಗೇಜಣ್ಣ ಪರೀಕ್ಷೆಯ ಬಲ್ಬು ಹಚ್ಚಿ ನೋಡಿ ಹ್ಞೂಂ ಎಂದರು. ನಾನು ಕೈ ಕಟ್ಟಿ ನಿಂತಿದ್ದೆ. "ಏನಮ್ಮಾ ಕಾಯ್ತಿದ್ದೀಯಾ, ಆರತಿ ಎತ್ತಬೇಕಾ?" ಎಂದರು. ಬಿಚ್ಚಲೇ ಎಂದು ಕೇಳುವುದರಲ್ಲಿದ್ದೆ. ಅಷ್ಟರಲ್ಲಿ ಅದರ ಯಜಮಾನ ಬಂದು ಹೆಗಲ ಮೇಲಿಟ್ಟುಕೊಂಡು ಹೊರಟೇಬಿಟ್ಟ. ಅವನು ತಿರುವು ದಾಟುವವರೆಗೂ ನೋಡಿದೆ.

ಜುಲೈ ೪, ಗುರುವಾರ

ಸುಸ್ತು. ಪ್ರಾರ್ಥನೆಯ ನಡುವೆಯೇ ನಿದ್ದೆ ಬಂತು. ಆಕೆಯ ಹೆಸರು ಹೇಳಿದ ಮೇಲೆಯೇ ಬಂತು, ಅಷ್ಟು ಸಮಾಧಾನ.

ಜುಲೈ ೧೮, ಗುರುವಾರ

ತಿಂಗಳು ಕಳೆಯಿತು. ಯಜಮಾನರು ಏನೂ ಹೇಳಲಿಲ್ಲ, ಒಂದು ನೀಲಿ ಕೋಟು ಹೊಲಿಸುತ್ತೇನೆ ಎಂದು ಅಳತೆ ಕೇಳಿದರು. ಇಟ್ಟುಕೊಂಡರು ಎಂದು ಅರ್ಥ.

ಗೇಜಣ್ಣನಿಗೂ ನನಗೂ ಇವತ್ತು ಹತ್ತಿಕೊಂಡಿತು. ಹಳೆಯ ತಂತಿ ಕತ್ತರಿಸುವ ಮುಂಚೆ ನಾನು ಎಷ್ಟು ಸುತ್ತು, ಎಷ್ಟು ಗೇಜು, ಸುರುಳಿ ಯಾವ ತೋಡಿನಿಂದ ಯಾವ ತೋಡಿಗೆ ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಒಳಗೆ ಹಾಗೇ ಕಲಿಸಿದ್ದು. ಗೇಜಣ್ಣನಿಗೆ ಎಲ್ಲ ತಲೆಯಲ್ಲೇ. "ಏನು, ಅಡುಗೆ ಬರ್ಕೊಳ್ತಿದ್ದೀಯಾ?" ಎಂದು ದಿನವೂ ಕಾಡುತ್ತಾರೆ. ಇವತ್ತು ಒಂದು ತಂತಿಯನ್ನು ತಿಕ್ಕಿ ಇಪ್ಪತ್ತೆಂಟು ಎಂದರು. ಗೇಜಿನ ಅಂಕಿ ಏರಿದಷ್ಟೂ ತಂತಿ ಸಣ್ಣ. ನಾನು ಮೇಲಿನ ವಾರ್ನಿಶ್ ಕೆರೆದು, ತಂತಿಯ ದಪ್ಪ ಅಳೆಯುವ ಬಿಲ್ಲೆಗೆ ಹಾಕಿ ನೋಡಿದೆ. ಇಪ್ಪತ್ತೊಂಬತ್ತು.

"ನಲವತ್ತು ವರ್ಷದ ಬೆರಳು ಸುಳ್ಳು ಹೇಳುತ್ತೇನು?"

"ಬೆರಳು ಹೇಳಿದ್ದು ವಾರ್ನಿಶ್ ಲೆಕ್ಕ ಅಣ್ಣ. ತಾಮ್ರದ ಲೆಕ್ಕ ಕಣ್ಣಿಗೇ ಕಾಣಬೇಕು. ಬೇಕಾದ್ರೆ ನೀವೇ ನೋಡಿ."

ಬಿಲ್ಲೆ ಮುಂದೆ ಹಿಡಿದೆ. ಅವರು ನೋಡಲಿಲ್ಲ. "ಕಲಿತವಳು ಕಣಮ್ಮಾ ನೀನು" ಎಂದು ಟೀ ಕುಡಿಯಲು ಹೊರಟುಹೋದರು. ನಾನು ಮಾತು ಜಾಸ್ತಿ ಆಡಿದೆನೇನೋ. ಆದರೆ ಅದು ಇಪ್ಪತ್ತೊಂಬತ್ತೇ.

ಆಗಸ್ಟ್ ೯, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಒಳಗೆ ಪಾಠ ಮುಗಿದ ಮೇಲೆ ಸಾಮಾನು ಎಣಿಸುತ್ತಿದ್ದರು. ಗೋಡೆಯ ಹಲಗೆಯ ಮೇಲೆ ಒಂದೊಂದು ಸಾಮಾನಿನ ಆಕಾರವೂ ಬಿಳಿ ಬಣ್ಣದಲ್ಲಿ ಬರೆದಿತ್ತು. ಒಂದು ಜಾಗ ಖಾಲಿ ಕಂಡರೆ ಬಾಗಿಲು ಹಾಕಿ ಎಲ್ಲರನ್ನೂ ತಡಕುತ್ತಿದ್ದರು. ಒಂದು ಸಲ ಒಂದು ಸ್ಕ್ರೂಡ್ರೈವರು ಸಿಗದೆ ಎರಡು ತಿಂಗಳು ತರಗತಿಯೇ ನಿಂತುಹೋಯಿತು. ಆಮೇಲೆ ಶುರುವಾದಾಗ ಮೂವರು ಬರಲೇ ಇಲ್ಲ. ಅವರಿಗೆ ಅಷ್ಟರಲ್ಲಿ ಬೇಸರ ಅಭ್ಯಾಸವಾಗಿತ್ತು. ಹಾಗಾಗಿ ಸಂಜೆ ಸಾಮಾನು ಎಣಿಸದೆ ನನಗೆ ಕಾಲು ಕೀಳುವುದಿಲ್ಲ. ಈ ಅಂಗಡಿಯಲ್ಲೂ ಯಾರಿಗೂ ಹೇಳದೆ ದಿನವೂ ಎಣಿಸುತ್ತಿದ್ದೆ. ಹನ್ನೊಂದು.

ಇವತ್ತು ಹತ್ತೇ. ಚೂಪು ಮೂತಿಯ ಇಕ್ಕಳ ಇಲ್ಲ.

ಬೆಂಚಿನ ಕೆಳಗೆ ನೋಡಿದೆ, ತಂತಿಯ ಚೂರಿನ ಡಬ್ಬಿಯಲ್ಲಿ ನೋಡಿದೆ. ಗೇಜಣ್ಣ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಹಿಟ್ಟಿನ ಗಿರಣಿಯವನು ತನ್ನ ಮೋಟರು ಯಾವಾಗ ಎಂದು ಕೇಳಲು ಬಂದು ಹೊರಡುವುದರಲ್ಲಿದ್ದ. ನಾನು ಹೋಗಿ ಶಟರನ್ನು ಸೊಂಟದ ಮಟ್ಟಕ್ಕೆ ಎಳೆದೆ.

"ಇಕ್ಕಳ ಸಿಗೋವರೆಗೂ ಯಾರೂ ಹೋಗೋ ಹಾಗಿಲ್ಲ."

ಗಿರಣಿಯವನು ನಕ್ಕ. "ಇದೇನ್ರೀ, ಅಂಗಡಿಯೋ ಜೈಲೋ?"

"ಜೇಬು ತೋರಿಸಿ" ಎಂದೆ. ಆ ದನಿ ನನ್ನದಲ್ಲ. ಏಳು ವರ್ಷ ಕೇಳಿದ ದನಿ, ನನ್ನ ಗಂಟಲಲ್ಲೇ ಕೂತಿತ್ತು ಎಂದು ಗೊತ್ತಿರಲಿಲ್ಲ. ಗಿರಣಿಯವನು ತಮಾಷೆ ಎಂದುಕೊಂಡೇ ತೋರಿಸಿದ. ಗೇಜಣ್ಣ ಕದಲಲಿಲ್ಲ. "ನೀವೂ" ಎಂದೆ. ಯಜಮಾನರು ಅಮ್ಮಾ, ಅಮ್ಮಾ ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು, ಕಿವಿಯೊಳಗೆ ಇಳಿಯಲಿಲ್ಲ.

ಗೇಜಣ್ಣ ಎರಡೂ ಜೇಬನ್ನು ಹೊರಗೆ ತೆಗೆದರು. ಒಂದು ಬಾಚಣಿಗೆ, ನಾಲ್ಕು ಪೆಪ್ಪರ್‌ಮಿಂಟು, ಕರೀ ಹಿಡಿಯ ಒಂದು ಭೂತಗನ್ನಡಿ. ಯಜಮಾನರು ಭೂತಗನ್ನಡಿ ಕೈಗೆ ತೆಗೆದುಕೊಂಡರು.

"ಇದ್ಯಾಕಣ್ಣಾ?"

ಗೇಜಣ್ಣ ಭೂತಗನ್ನಡಿಗೆ ಕೈ ಚಾಚಿದರು, ಯಜಮಾನರು ಕೊಡಲಿಲ್ಲ.

"ಎಷ್ಟು ದಿನದಿಂದ ಕಣ್ಣು ಕಾಣಲ್ಲ?"

"ಇಕ್ಕಳ ಹುಡುಕ್ತಿದ್ದೀರಲ್ಲಾ, ಹುಡುಕ್ಕೊಳ್ಳಿ" ಎಂದರು.

ಆಗ ಗಿರಣಿಯವನು ನನ್ನ ಕಡೆ ಬೆರಳು ಮಾಡಿ, "ಈಯಮ್ಮನ ಜೇಬು ಯಾರು ನೋಡೋದು?" ಎಂದ.

"ನನಗೆಲ್ಲಿದೆ ಜೇಬು?" ಎಂದೆ. ಹಾಗೇ ಎಂದೆ. ಒಳಗಿನ ಬಟ್ಟೆಗೆ ಜೇಬಿಲ್ಲ. ಈ ನೀಲಿ ಕೋಟು ಬಂದು ಎರಡು ವಾರ, ಅದಕ್ಕೆ ಬಲಗಡೆ ಅಂಗೈ ಅಗಲದ ಜೇಬಿದೆ. ಕೈ ಹಾಕಿದೆ. ಇಕ್ಕಳ ತಣ್ಣಗೆ ಕೂತಿತ್ತು. ಯಾವಾಗ ಇಟ್ಟೆನೋ ಈಗಲೂ ನೆನಪಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲನ್ನಾದರೂ ಮುಟ್ಟಿ ನೋಡಿಕೊಳ್ಳುತ್ತಾನೆ. ನಾನು ಅಷ್ಟೂ ಮಾಡಲಿಲ್ಲ.

ಯಾರೂ ನಗಲಿಲ್ಲ. ಯಜಮಾನರು ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿ ನನ್ನನ್ನೇ ನೋಡಿದರು.

"ಅಮ್ಮಾ, ಆ ತರಬೇತಿ ಕೇಂದ್ರ, ಹಾಸ್ಟೆಲ್ಲು... ಏಳು ವರ್ಷ..."

"ಹೌದು" ಎಂದೆ.

ಗೇಜಣ್ಣ ಶಟರಿನಡಿ ಬಗ್ಗಿ ಹೊರಗೆ ಹೋದರು. ಜೇಬಿನ ಒಳಬಟ್ಟೆ ಎರಡೂ ಪಕ್ಕದಲ್ಲಿ ಹಾಗೇ ನೇತಾಡುತ್ತಿತ್ತು. ಒಳಗೆ ತಳ್ಳಿಕೊಳ್ಳಲೂ ಇಲ್ಲ.

ಆಗಸ್ಟ್ ೧೦, ಶನಿವಾರ

ಎರಡು ದಿನ ಬರಬೇಡಿ ಎಂದಿದ್ದಾರೆ. ತಂಗಿಗೆ ಹೇಳಿದೆ. ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಮತ್ತೆ ಬೈದಳು. "ಆ ಗಿರಣಿಯವನ ಬಾಯಿ ಅವನ ಗಿರಣಿಗಿಂತ ಜೋರು. ನಾಳೆ ಹೊತ್ತಿಗೆ ನಮ್ಮನ್ನ ಹಿಟ್ಟು ಮಾಡಿ ಬೀದಿಗೆಲ್ಲ ಹಂಚಿರ್ತಾನೆ."

ಮಧ್ಯಾಹ್ನ ಯಜಮಾನರು ಫೋನ್ ಮಾಡಿದರು. ಆ ಹೆಂಗಸು ಇದ್ದರೆ ನಾನಿಲ್ಲ ಎಂದು ಗೇಜಣ್ಣ ಹೇಳಿ ಕಳಿಸಿದ್ದಾರಂತೆ. "ನಮ್ಮಪ್ಪನ ಕಾಲದಿಂದ ಇರೋರು. ಅವರು ಬಂದ್ರೆ ನೀವು ಬನ್ನಿ, ಅಮ್ಮಾ. ಅವರು ಬರದೆ ನಿಮ್ಮನ್ನ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ. ಆ ಇನ್ನೊಂದು ವಿಷಯ ಆಮೇಲೆ ಮಾತಾಡೋಣ."

ಕೆಲಸ ಹೋದರೆ ಆ ರಸ್ತೆಯಲ್ಲಿ ಇನ್ನೊಂದು ಸಿಗುವುದಿಲ್ಲ. ಅದು ಗೊತ್ತು. ಆದರೆ ಪ್ರಾರ್ಥನೆಗೆ ಕೂತರೆ ಕಣ್ಣಿಗೆ ಬರುವುದು ಆ ಎರಡು ಜೇಬು.

ಆಗಸ್ಟ್ ೧೧, ಭಾನುವಾರ

ಗೇಜಣ್ಣನ ಮನೆಗೆ ಹೋಗಿದ್ದೆ. ತಂಗಿಯನ್ನು ಕೇಳಲಿಲ್ಲ. ಬರುವಾಗ ಹೇಳಿದೆ.

ಅವರ ಹೆಂಡತಿ ಬಾಗಿಲು ತೆರೆದರು. "ನೀವೇನಾ? ಬನ್ನಿ. ನಿನ್ನೆಯಿಂದ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ದಾರೆ. ಗೋಡೆಗೂ ಬೇಜಾರಾಗಿರಬೇಕು."

ಗೇಜಣ್ಣ ತಿರುಗಲಿಲ್ಲ. ನಾನು ಕೈ ಮುಗಿದೆ, ಅವರ ಬೆನ್ನಿಗೆ.

"ತಪ್ಪಾಯ್ತು ಅಣ್ಣ."

"ನನ್ನ ಜೇಬಿಗೆ ನನ್ನ ಹೆಂಡತೀನೂ ಕೈ ಹಾಕಿದವಳಲ್ಲ."

"ಹಾಕಿದ್ದೀನಿ, ಏನೂ ಇರಲ್ಲ" ಎಂದು ಒಳಗಿಂದ ಅವರು ಕೂಗಿದರು.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ. ಅಂಥವಳು ನೀನು."

"ಹೌದು ಅಣ್ಣ."

"ಹೌದು ಅಣ್ಣ, ಹೌದು ಅಣ್ಣ! ಇಕ್ಕಳದ್ದಲ್ಲಮ್ಮಾ ನನಗೆ." ಆಗ ತಿರುಗಿದರು. "ಎರಡು ವರ್ಷದಿಂದ ಬಲಗಣ್ಣಿಗೆ ಹೊಗೆ ಮುಚ್ಚಿದ ಹಾಗಿದೆ. ಎಡದ್ದೂ ಹೋಗ್ತಾ ಇದೆ. ಬೆರಳಲ್ಲೇ ದೂಡಿಕೊಂಡು ಬಂದೆ. ಯಾರಿಗೂ ಗೊತ್ತಿರಲಿಲ್ಲ. ಈಗ ಅವನು ನನ್ನನ್ನ ಬಾಗಿಲ ಹತ್ರ ಸ್ಟೂಲ್ ಮೇಲೆ ಕೂರಿಸಿ, ನೀವು ಹಿರಿಯರು, ಟೀ ಕುಡೀರಿ ಅಂತಾನೆ. ಅದಕ್ಕಿಂತ ಮನೇಲಿ ಗೋಡೆ ನೋಡೋದು ವಾಸಿ."

ಅದು ಇಪ್ಪತ್ತೊಂಬತ್ತು ಗೇಜು ಎಂದು ನಾನು ಬಿಲ್ಲೆಯನ್ನು ಅವರ ಮೂಗಿನ ಮುಂದೆ ಹಿಡಿದ ದಿನ ನೆನಪಾಯಿತು. ಮುಖ ಎಲ್ಲಿಡಲಿ ಅನಿಸಿತು.

"ಏನು ಮಾಡಿ ಹೋಗಿದ್ದೆ?" ಎಂದು ಕೇಳಿದರು.

ಹೇಳಿದೆ. ನಲ್ಲಿ, ಸರದಿ, ಕಟ್ಟೆ. ತಳ್ಳಿದೆ ಎಂದೇ ಹೇಳಿದೆ. ಅವರ ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದರು.

"ಅವಳ ಮನೆಯವರ ಹತ್ರ ಹೋಗಿದ್ದೀಯಾ?"

"ಕಾಗದ ಬರೆದಿದ್ದೆ. ಬರಬೇಡ, ನಿನ್ನ ಮುಖ ನೋಡಲ್ಲ ಅಂತ ಉತ್ತರ ಬಂತು."

"ಅದಕ್ಕೆ ನನ್ನ ಮನೆಗೆ ಬಂದೆಯಾ?"

ಆ ಮಾತನ್ನು ಅವರು ಕೇಳಿದ ಹಾಗೇ ಬರೆದಿಡುತ್ತಿದ್ದೇನೆ.

ಆಮೇಲೆ ನಾನೇ ಹೇಳಿದೆ. ಒಳಗೆ ನನ್ನ ಪಕ್ಕದ ಹಾಸಿಗೆಯವಳಿಗೆ ಹೀಗೇ ಹೊಗೆ ಕವಿದಿತ್ತು, ಅದು ಪೊರೆ, ಡಾಕ್ಟರು ಬಂದು ತೆಗೆದರು, ಆಮೇಲೆ ಅವಳು ಪೇಪರು ಓದಿ ಓದಿ ನಮ್ಮ ಪ್ರಾಣ ತಿಂದಳು ಎಂದು. ನನ್ನ ತಂಗಿ ಆಸ್ಪತ್ರೆಯಲ್ಲೇ ಇದ್ದಾಳೆ, ಕರೆದುಕೊಂಡು ಹೋಗುತ್ತಾಳೆ ಎಂದೆ. ತಂಗಿಯನ್ನು ಇನ್ನೂ ಕೇಳಿರಲಿಲ್ಲ.

"ಜೈಲಿಗೇ ಕಣ್ಣಿನ ಡಾಕ್ಟರು ಬರ್ತಿದ್ರಾ?"

"ಮೂರು ತಿಂಗಳಿಗೊಂದು ಸಲ."

"ನೋಡೇ" ಎಂದರು ಹೆಂಡತಿಗೆ, "ನಲವತ್ತು ವರ್ಷ ನಿಯತ್ತಾಗಿದ್ದು ನಾನೇ ಕೆಟ್ಟೆ."

"ಕಣ್ಣು ಸರಿಹೋಗೋವರೆಗೂ ನಾನು ಓದಿ ಹೇಳ್ತೀನಿ ಅಣ್ಣ. ನಿಮ್ಮ ಕೈಯಲ್ಲಿರೋದು ನನ್ನ ನೋಟ್‌ಬುಕ್ಕಲ್ಲಿಲ್ಲ. ಸುರುಳಿ ಕೂರಿಸುವಾಗ ನೀವು ಹೆಬ್ಬೆರಳಲ್ಲಿ ಒಂದು ಒತ್ತು ಕೊಡ್ತೀರಲ್ಲಾ, ಅದು ನನಗೆ ಯಾರೂ ಕಲಿಸಿಲ್ಲ."

"ಅದನ್ನ ಬೇರೆ ನೋಡಿಟ್ಟಿದ್ದೀಯಾ?"

ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. "ನಿನ್ನದೂ ನೋಡಿದ ಹಾಗಾಯ್ತು, ಹೋಗು" ಎಂದರು. ಜೇಬಿನ ಮಾತಿರಬೇಕು. ಅವರ ಹೆಂಡತಿ ಗೇಟಿನವರೆಗೂ ಬಂದರು.

ಆಗಸ್ಟ್ ೧೩, ಮಂಗಳವಾರ

ಬಂದರು. ಹತ್ತೂವರೆಗೆ, ಮುಖ ಗಂಟು ಹಾಕಿಕೊಂಡು. ಕೂತವರೇ, "ಎಣಿಸಿದೆಯಾ? ಇದ್ಯಾ ಹನ್ನೊಂದೂ?" ಎಂದರು. ಯಜಮಾನರು ಸ್ಟೂಲಿನ ಮಾತೆತ್ತಲಿಲ್ಲ. ಗೇಜಣ್ಣ ನನಗೊಂದು ತಂತಿ ಚಾಚಿ, "ಓದಿ ಹೇಳು, ಕಲಿತವಳೇ" ಎಂದರು.

ಆಮೇಲೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು.

"ನನಗೇನೂ ಇಲ್ಲ ಅಮ್ಮಾ. ಆದ್ರೆ ಗಿರಾಕಿಗಳ ಹತ್ರ ಹೇಳೋದು ಬೇಡ."

"ಅವರು ಕೇಳದಿದ್ರೆ ನಾನು ಹೇಳಲ್ಲ. ಕೇಳಿದ್ರೆ ಸುಳ್ಳು ಹೇಳಲ್ಲ."

"ತರಬೇತಿ ಕೇಂದ್ರ ಅಂತಾನೇ..."

"ಅದನ್ನ ಒಂದು ಸಲ ಹೇಳಿ ಆಯ್ತಲ್ಲ, ಯಜಮಾನರೇ."

ಕನ್ನಡಕ ಮೇಲೆ ಹೋಯಿತು, ಕೆಳಗೆ ಬಂತು. "ಒಂದು ತಿಂಗಳು ನೋಡೋಣ. ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡ್ರೆ ನನಗೂ ಹೊಟ್ಟೆಯಿದೆ, ನೀವೇ ಅರ್ಥ ಮಾಡ್ಕೋಬೇಕು" ಎಂದರು. ನ್ಯಾಯವಾದ ಮಾತು. ಆಗಲಿ ಎಂದೆ.

ಸೆಪ್ಟೆಂಬರ್ ೫, ಗುರುವಾರ

ಮೂರು ವಾರ ಬರೆದಿಲ್ಲ. ಟೀಚರಮ್ಮ ಇದ್ದಿದ್ದರೆ ಬೈಯುತ್ತಿದ್ದರು. ಬರೆಯುವುದು ಅಂಗಡಿಯ ನೋಟ್‌ಬುಕ್ಕಿನಲ್ಲೇ ಮುಗಿದುಹೋಗುತ್ತದೆ. ಗೇಜಣ್ಣ ಹೇಳುತ್ತಾರೆ, ನಾನು ಬರೆಯುತ್ತೇನೆ, ನಡುನಡುವೆ ಜಗಳ. ತಂಗಿ ಅವರನ್ನು ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋಗಿದ್ದಳು. ಪೊರೆಯೇ. ಮುಂದಿನ ತಿಂಗಳು ತೆಗೆಯುತ್ತಾರೆ. ಅವಳು ಅಲ್ಲಿ ಎಲ್ಲರಿಗೂ, "ಇವರು ನಮ್ಮಕ್ಕನ ಜೊತೆ ಕೆಲಸ ಮಾಡೋರು, ಅವಳು ಮೋಟರ್ ಸುತ್ತುತ್ತಾಳೆ" ಎಂದಳಂತೆ. ಅತ್ತೆಯ ಸೇವೆಯ ಮಾತು ಈಚೆಗೆ ಕೇಳಿಲ್ಲ.

ಗಿರಣಿಯವನು ತನ್ನ ಮೋಟರನ್ನು ಬೇರೆ ಅಂಗಡಿಗೆ ಸಾಗಿಸಿದ. ಹೋದ ವಾರ ಇನ್ನಿಬ್ಬರು. ಕೇಳಿದರು, ಹೇಳಿದೆ, ಮೋಟರು ಹೊತ್ತುಕೊಂಡು ಹೋದರು. ಯಜಮಾನರು ನಿನ್ನೆ ಸಂಜೆ ಖಾಲಿಯಾದ ಜಾಗವನ್ನು ನೋಡುತ್ತ ನಿಂತಿದ್ದರು. ಇನ್ನೊಬ್ಬರು ಹೋದರೆ ಅವರು ಹೇಳಲೇಬೇಕಾಗುತ್ತದೆ, ನಾನು ಹೊರಡಲೇಬೇಕಾಗುತ್ತದೆ. ಗೊತ್ತಿದ್ದೂ ಬೆಳಿಗ್ಗೆ ಹಸಿವಾಯಿತು, ಚೆನ್ನಾಗಿ ತಿಂದು ಹೋದೆ.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಪಂಪಿನ ಮೋಟರು ತಂದರು. ಗಿಡಗಳ ಸಸಿ ಬೆಳೆಸಿ ಮಾರುವವರು. ಉಗುರಲ್ಲಿ ಮಣ್ಣು, ಮಾತು ಚುರುಕು. ಮೋಟರು ನಿನ್ನೆ ಸುಟ್ಟಿತಂತೆ, ಎರಡು ಸಾವಿರ ಸಸಿ ಬಿಸಿಲಲ್ಲಿವೆಯಂತೆ. ನಾನು ಮುಚ್ಚಳ ಬಿಚ್ಚಿ ಸುಟ್ಟ ಸುರುಳಿ ಮೂಸಿದೆ. ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಹೆಂಗಸರು ಈ ಕೆಲಸ ಮಾಡೋದನ್ನ ನಾನು ನೋಡೇ ಇಲ್ಲ. ಎಲ್ಲಿ ಕಲಿತ್ರಿ?"

ಯಜಮಾನರ ಕೈಯಲ್ಲಿದ್ದ ರಸೀದಿ ಪುಸ್ತಕ ಹಾಗೇ ನಿಂತಿತು. ಗೇಜಣ್ಣ ತಟ್ಟನೆ, "ಇಲ್ಲೇ, ನನ್ನ ಹತ್ರ" ಎಂದರು. ನನಗಾಗಿ ಆ ಮುದುಕ ಸುಳ್ಳು ಹೇಳಿದರು.

"ಇಲ್ಲಮ್ಮಾ" ಎಂದೆ. "ಜೈಲಲ್ಲಿ ಕಲಿತೆ. ಏಳು ವರ್ಷ ಇದ್ದೆ. ಇವರ ಹತ್ರ ಕಲಿತಿದ್ದು ಆಮೇಲೆ, ಅರ್ಧ."

"ಅರ್ಧ ಅಲ್ಲ, ಮುಕ್ಕಾಲು!" ಎಂದರು ಗೇಜಣ್ಣ.

ಆ ಹೆಂಗಸು ಗೇಜಣ್ಣನನ್ನು ನೋಡಿದರು, ನನ್ನನ್ನು ನೋಡಿದರು. ಮೋಟರಿನ ಮೇಲೆ ಕೈ ಇಟ್ಟರು. ಎತ್ತಿಕೊಳ್ಳುವಾಗ ಎಲ್ಲರೂ ಅಲ್ಲೇ ಕೈ ಇಡುತ್ತಾರೆ.

"ಯಾಕೆ ಹೋಗಿದ್ರಿ?"

"ಒಬ್ಬಳನ್ನ ತಳ್ಳಿದೆ. ಸತ್ತುಹೋದಳು."

ರಸ್ತೆಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಅದು ತಿರುಗಿಕೊಂಡು ಹೋಗುವವರೆಗೂ ಅವರು ಅದನ್ನೇ ನೋಡುತ್ತಿದ್ದರು. ಕೈ ಅಲ್ಲೇ ಇತ್ತು. ನನ್ನ ಮನಸ್ಸು ತಿಳಿನೀರಿನ ಹಾಗಿತ್ತು. ಎತ್ತಿಕೊಂಡರೆ ಎತ್ತಿಕೊಳ್ಳಲಿ, ಬಾಗಿಲವರೆಗೆ ನಾನೇ ಹಿಡಿದುಕೊಡುತ್ತೇನೆ, ಭಾರವಿದೆ, ಅನಿಸಿತು.

"ಸಂಜೆಗೆ ಸಿಗುತ್ತಾ?" ಎಂದು ಕೇಳಿದರು.

"ವಾರ್ನಿಶ್ ಒಣಗಬೇಕು. ನಾಳೆ ಬೆಳಿಗ್ಗೆ."

"ಬೆಳಿಗ್ಗೆ ಅಂದ್ರೆ ಎಂಟಕ್ಕೆ ಬರ್ತೀನಿ. ಸಸಿಗಳು ಕಾಯಲ್ಲ."

ಹೋದರು. ಮೋಟರು ಬೆಂಚಿನ ಮೇಲೆಯೇ ಇತ್ತು. ಗೇಜಣ್ಣ ಬೆರಳು ಚಾಚಿದರು, ನಾನು ಹಳೆಯ ತಂತಿ ಕತ್ತರಿಸಿ ಕೊಟ್ಟೆ.